ಮೂವತ್ತೊಂದನೆಯ ನಂಬರಿನ ಹುಡುಗಿ ಕೇಳಿದ್ದು

ಮಾವಿನಕುಂಟೆ
ಫೆಬ್ರವರಿ 30, 2211

ಪ್ರೀತಿಯ ಮೇಘಶ್ರೀ ಮೇಡಂ,

ತಾರೀಖು ನೋಡಿ ನಗಬೇಡಿ. ನಾವೀಗ ಎಲ್ಲ ತಿಂಗಳಿಗೂ ಮೂವತ್ತೇ ದಿನ ಕೊಟ್ಟು, ಮಿಕ್ಕ ಐದನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಇಟ್ಟುಕೊಂಡಿದ್ದೇವೆ. ಅಂಥ ಒಂದು ದಿನವೇ ನನ್ನ ಮದುವೆಯಾಯಿತು. ಎರಡು ತಿಂಗಳಾದರೂ ಅದನ್ನು ಹೇಳದೆ ನನ್ನ ಯಾವ ಕಾಗದವೂ ಶುರುವಾಗುವುದಿಲ್ಲ. ನನ್ನ ಓದೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನಿಮ್ಮ ಕಾಲದ ಕನ್ನಡ ಕಲಿತದ್ದು ನಿಮ್ಮದೇ ಬಿ.ಎಡ್. ಪಾಠಯೋಜನೆಯ ರೆಕಾರ್ಡಿನಿಂದ. ಆದ್ದರಿಂದ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ, ಅದರಲ್ಲಿ ಅರ್ಧ ತಪ್ಪು ನಿಮ್ಮದು.

ಹೌದು, ಆ ರೆಕಾರ್ಡ್ ನನ್ನ ಹತ್ತಿರ ಇದೆ. ನನ್ನ ಗಂಡ ತಿಮ್ಮರಾಜು ಹಳೆಯ ಕಾಗದಗಳನ್ನು ಜೋಪಾನ ಮಾಡುವ ಕೆಲಸದಲ್ಲಿದ್ದಾರೆ. ಮದುವೆಯ ಉಡುಗೊರೆಯಾಗಿ ಅವರು ನನಗೆ ಕೊಟ್ಟದ್ದು ಅದನ್ನೇ: ನೀಲಿ ರಟ್ಟು, ಪ್ರತಿ ಪುಟಕ್ಕೂ ಸ್ಕೆಚ್ ಪೆನ್ನಿನ ಅಂಚು, ಅಂಟಿಸಿದ ಕೆರೆಯ ಚಿತ್ರ. ನಮ್ಮತ್ತೆ ಇವತ್ತಿಗೂ ಬಯ್ಯುತ್ತಾರೆ: “ಹೆಂಡ್ತಿಗೆ ಸೀರೆ ತರೋದು ಬಿಟ್ಟು ಯಾರ್ದೋ ಹೋಂವರ್ಕ್ ತಂದವ್ನೆ.” ನಾನಂತೂ ಅದನ್ನು ಎದೆಗೊತ್ತಿಕೊಂಡು ಮನೆತುಂಬ ಓಡಾಡಿದೆ. ಇಂಥ ಗಂಡ ಯಾರಿಗೆ ಸಿಗುತ್ತಾರೆ ಹೇಳಿ. ಆಮೇಲೆ ಕೂತು ಓದಿದೆ, ತಲೆ ಕೆಟ್ಟುಹೋಯಿತು.

ನಿಮ್ಮ ಹದಿನಾಲ್ಕನೆಯ ಪಾಠ ‘ನಮ್ಮೂರ ಕೆರೆಯನ್ನು ಕಟ್ಟಿಸಿದವರು ಯಾರು?’, ಬೋಧನಾ ವಿಧಾನ: ಅನ್ವೇಷಣೆ. ಎಡಗಡೆ ಶಿಕ್ಷಕರ ಚಟುವಟಿಕೆ, ಬಲಗಡೆ ವಿದ್ಯಾರ್ಥಿಗಳ ಚಟುವಟಿಕೆ. ಬಲಗಡೆ ದುಂಡಗಿನ ಅಕ್ಷರದಲ್ಲಿ ಹೀಗಿದೆ: ‘ಪಾಳೆಯಗಾರರು ಕಟ್ಟಿಸಿದರು ಎಂಬುದನ್ನು ವಿದ್ಯಾರ್ಥಿಗಳು ಸ್ವತಃ ಕಂಡುಕೊಳ್ಳುವರು.’ ಪಾಠ ನಡೆದದ್ದು ಹತ್ತನೆಯ ತಾರೀಖು. ಮಾರ್ಗದರ್ಶಕರು ಓದಿ ಸಹಿ ಹಾಕಿದ್ದು ಎಂಟಕ್ಕೆ. ಅಂದರೆ ಮಕ್ಕಳು ತರಗತಿಗೆ ಬರುವ ಎರಡು ದಿನ ಮೊದಲೇ ಸ್ವತಃ ಕಂಡುಕೊಂಡುಬಿಟ್ಟಿದ್ದಾರೆ. ನಿಮ್ಮ ಕಾಲೇಜಿನ ಇನ್ನೂ ನಾಲ್ಕು ರೆಕಾರ್ಡುಗಳು ತಿಮ್ಮರಾಜುಗೆ ಸಿಕ್ಕಿವೆ. ನಾಲ್ಕರಲ್ಲೂ ಇದೇ ವಾಕ್ಯ, ಒಂದು ಅಕ್ಷರ ಆಚೀಚೆ ಇಲ್ಲ. ಆಮೇಲೆ ಬಂದ ಪಠ್ಯಪುಸ್ತಕಗಳೂ ಅದನ್ನೇ ಇಳಿಸಿಕೊಂಡಿವೆ.

ಸತ್ತ ಕಾಲದ ಮೇಲೆ ಸಿಟ್ಟೇಕೆ ಎನ್ನಬಹುದು. ನನ್ನ ಕೆಲಸ ಮೊಳಕೆ ಮೇಷ್ಟ್ರುಗಳನ್ನು ತಯಾರು ಮಾಡುವುದು. ನೀವು ಪ್ರಶಿಕ್ಷಣಾರ್ಥಿಗಳು ಎನ್ನುತ್ತಿದ್ದವರನ್ನು ನಾವು ಹಾಗೆ ಕರೆಯುತ್ತೇವೆ. ಹೋದ ವಾರ ಅವರಲ್ಲೊಬ್ಬ, ರೇವಂತ, ನಾನು ನೋಡಲು ಬರುತ್ತೇನೆಂದು ಮಕ್ಕಳಿಗೆ ಮೊದಲೇ ಪ್ರಶ್ನೆಗಳ ಚೀಟಿ ಹಂಚಿದ್ದ. ಪಾಠ ಸೊಗಸಾಗಿ ಸಾಗುತ್ತಿರುವಾಗ ಹಿಂದಿನ ಸಾಲಿನ ಹುಡುಗಿ ಎದ್ದು ಅಳುತ್ತ ಹೇಳಿದಳು: “ಸಾರ್, ನನ್ ಪ್ರಶ್ನೇನ ಅವ್ನೇ ಕೇಳ್ಬಿಟ್ಟ, ನಾನೀಗ ಏನ್ ಕೇಳ್ಲಿ?” ಇಷ್ಟು ವರ್ಷಗಳಾದರೂ ನಿಮ್ಮ ಬಲಗಡೆಯ ಅಂಕಣ ಸತ್ತಿಲ್ಲ ಮೇಡಂ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಪಾಠ ಮಾಡಿದ ಅದೇ ಕೆರೆಯ ಹೂಳನ್ನು ನಾವೀಗ ತೆಗೆಸಿದ್ದೇವೆ. ಏರಿಯ ಮೇಲೆ ಒಂದು ಕಲ್ಲು ನೆಡುವುದಿದೆ. ಅದರಲ್ಲಿ ಯಾರ ಹೆಸರು ಎಂಬುದನ್ನು ಸಾಕ್ಷಿಕಟ್ಟೆ ತೀರ್ಮಾನಿಸುತ್ತದೆ. ಏಳನೆಯ ತರಗತಿಯ ಮಕ್ಕಳು ತಿಂಗಳಿಗೊಮ್ಮೆ ಊರವರ ಮುಂದೆ ಆಧಾರ ಇಟ್ಟು ಮಾತಾಡುವ ಜಾಗ ಅದು. ಅಲ್ಲಿ ಆಧಾರವಿಲ್ಲದೆ ಪಂಚಾಯಿತಿ ಅಧ್ಯಕ್ಷರ ಮಾತೂ ನಿಲ್ಲುವುದಿಲ್ಲ. ಹೂಳಿನಲ್ಲಿ ಮಕ್ಕಳಿಗೆ ಒಂದು ಮುರಿದ ಗುದ್ದಲಿ ಸಿಕ್ಕಿತು. ಯಾರೂ ಚೀಟಿ ಕೊಡದೆ ಒಬ್ಬ ಹುಡುಗ ಕೇಳಿದ: “ಪಾಳೆಯಗಾರ್ರು ಗುದ್ಲಿ ಹಿಡೀತಿದ್ರಾ ಮಿಸ್?” ಅಂದಿನಿಂದ ಹುಡುಕುತ್ತಿದ್ದೇವೆ. ಯಾವ ದಾಖಲೆಯ ಬುಡ ಕೆದಕಿದರೂ ನಿಮ್ಮ ಆ ಒಂದು ವಾಕ್ಯವೇ ಎದ್ದು ಬರುತ್ತದೆ. ಮಾರ್ಚ್ ಐದರೊಳಗೆ ಬೇರೆ ಆಧಾರ ಸಿಗದಿದ್ದರೆ ಕಲ್ಲಿನ ಮೇಲೆ ಪಾಳೆಯಗಾರರೊಬ್ಬರೇ ನಿಲ್ಲುತ್ತಾರೆ, ಗುದ್ದಲಿ ಹಿಡಿದವರು ಇನ್ನೊಮ್ಮೆ ಹೂಳಿಗೆ ಹೋಗುತ್ತಾರೆ.

ಆಧಾರ ನಿಮ್ಮ ಕೈಯಲ್ಲೇ ಇತ್ತು. ಹದಿನಾಲ್ಕನೆಯ ಪಾಠದ ಕೊನೆಗೆ ಪೆನ್ಸಿಲಿನಲ್ಲಿ ನೀವೇ ಬರೆದಿದ್ದೀರಿ: ‘ಹಾಜರಿ ನಂ. 31 (ಹುಡುಗಿ): “ಅಗೆದೋರು ಯಾರು ಮಿಸ್? ನಮ್ಮಜ್ಜಿ ಬೇರೆ ಹೇಳ್ತಾರೆ.” ಪಾಠಕ್ಕೆ ಸಂಬಂಧಿಸಿಲ್ಲ. ಕೂರಿಸಲಾಯಿತು.’ ಇಡೀ ರೆಕಾರ್ಡಿನಲ್ಲಿ ಒಂದು ಮಗು ನಿಜವಾಗಿ ಕೇಳಿದ ಪ್ರಶ್ನೆ ಇದೊಂದೇ. ಅವಳನ್ನು ಕೂರಿಸಿದಿರಿ. ಹೆಸರನ್ನೂ ಬರೆಯಲಿಲ್ಲ.

ನಮ್ಮಲ್ಲಿ ಹಿಂದಂಚೆ ಅಂತ ಒಂದಿದೆ. ಹಿಂದಿನ ಕಾಲಕ್ಕೆ ಒಬ್ಬರು ಜೀವಮಾನದಲ್ಲಿ ಒಂದೇ ಕಾಗದ ಕಳಿಸಬಹುದು. ಹೊಸದಾಗಿ ಮದುವೆಯಾದವರು ಸಾಮಾನ್ಯವಾಗಿ ತಾವು ಕಾಣದ ಮುತ್ತಜ್ಜಿಗೆ ಬರೆದು ಆಶೀರ್ವಾದ ಕೇಳುತ್ತಾರೆ. ನಾನು ಮಹಡಿಯ ಮೇಲೆ ಕೂತು ಇದನ್ನು ಬರೆಯುತ್ತಿರುವಾಗ ತಿಮ್ಮರಾಜು ಇಣುಕಿ ನೋಡಿ, “ಇರೋ ಒಂದು ಕಾಗ್ದಾನೂ ಜಗಳಕ್ಕೇ ಖರ್ಚು ಮಾಡ್ತಿದ್ದೀಯಲ್ಲೇ” ಎಂದು ನಕ್ಕು, ಪೆನ್ನಿಗೆ ಶಾಯಿ ತುಂಬಿಸಿಕೊಟ್ಟು ಹೋದರು.

ಇದು ನಿಮಗೆ ಹನ್ನೊಂದನೆಯ ತಾರೀಖು ಬೆಳಿಗ್ಗೆ, ಪಾಠದ ಮರುದಿನ ಸಿಗುತ್ತದೆ. ದಯವಿಟ್ಟು ಅವತ್ತೇ ಶಾಲೆಗೆ ಹೋಗಿ. ಆ ಹುಡುಗಿಯನ್ನು ಎಬ್ಬಿಸಿ, ಅಲ್ಲ, ನೀವೇ ಅವಳ ಪಕ್ಕದಲ್ಲಿ ಕೂತುಕೊಳ್ಳಿ. ಸಂಜೆ ಅವಳ ಜೊತೆ ಅಜ್ಜಿಯ ಮನೆಗೆ ಹೋಗಿ. ಅಜ್ಜಿಗೆ ಗೊತ್ತಿದ್ದದ್ದು ಏನು, ಅದು ಯಾರಿಂದ ಗೊತ್ತಾಯಿತು, ಎರಡನ್ನೂ ಕೇಳಿ. ಅವರು ಹೇಳಿದ್ದೆಲ್ಲ ನಿಜವೇ ಆಗಬೇಕೆಂದಿಲ್ಲ, ಅದನ್ನು ಜಾಲಾಡಿಸಲು ನಮ್ಮ ಮಕ್ಕಳಿದ್ದಾರೆ. ಅವರ ಮಾತನ್ನು ತಿದ್ದದೆ, ಚಂದ ಮಾಡದೆ ಹಾಗೇ ಬರೆಯಿರಿ. ಹುಡುಗಿಯ ಹೆಸರನ್ನೂ ಬರೆಯಿರಿ.

ಬರೆಯಲು ಬೇರೆ ಕಾಗದ ಬೇಡ. ನಿಮ್ಮ ರೆಕಾರ್ಡಿನ ಕೊನೆಯ ಪುಟ ಖಾಲಿ ಇದೆ, ಸ್ಕೆಚ್ ಪೆನ್ನಿನ ಅಂಚು ಮಾತ್ರ ಹಾಕಿಟ್ಟಿದ್ದೀರಿ. ಈಗಷ್ಟೇ ನೋಡಿದೆ. ಈ ಕಾಗದವನ್ನು ಅಂಚೆಗೆ ಹಾಕಿ ಬಂದು, ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, ಆ ಪುಟವನ್ನು ಇನ್ನೊಮ್ಮೆ ತೆರೆಯುತ್ತೇನೆ.

ನಿಮ್ಮ,
ಇಂಪನಾ ತಿಮ್ಮರಾಜು