ಮೂವತ್ತೆಂಟು ಕತ್ತಿ, ಮೂವತ್ತೇಳು ರೌಡಿಗಳು

ನಮ್ಮ ಹೊಳೆಬದಿ ಕಾಲೋನಿಯ ಶಾಂತಿಯನ್ನು ಹೆಗಲ ಮೇಲೆ ಹೊತ್ತಿರುವ ದೊಡ್ಡ ಸಾಹೇಬರೇ,

ನಮ್ಮ ಕತ್ತಿಗಳನ್ನು ವಾಪಸ್ ಕೊಡಿ. ನಮ್ಮ ಕಾಲೋನಿಯ ಹುಡುಗ ಶಶಿಕುಮಾರನ ಹೆಸರನ್ನು ನಿಮ್ಮ ರೌಡಿ ಪಟ್ಟಿಯಿಂದ ತೆಗೆಯಿರಿ. ವಿಷಯ ಇಷ್ಟೇ. ಆದರೆ ನಿಮ್ಮಂಥ ಓದಿದವರಿಗೆ ಇಷ್ಟು ಚಿಕ್ಕದಾಗಿ ಹೇಳಿದರೆ ತಲೆಗೆ ಹೋಗುವುದಿಲ್ಲವಂತೆ. ಆದ್ದರಿಂದ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಎರಡು ಗ್ಯಾಂಗು ಇವೆ ಎಂದು ನಿಮಗೆ ಯಾರೋ ಹೇಳಿದ್ದಾರೆ. ಸಂತೋಷ. ನಮಗೆ ಮೂರು ವರ್ಷದಿಂದ ಗೊತ್ತು. ಗಾಂಜಾ ಮಾರುವ ಜಾಗ ಯಾರದು ಎಂದು ಅವರು ಹೊಡೆದಾಡುತ್ತಾರೆ, ಪೆಟ್ಟು ಮಾತ್ರ ನಮಗೆ ಬೀಳುತ್ತದೆ. ಹೋದ ಯುಗಾದಿಗೆ ಮೊದಲು ರಾಮಮ್ಮನ ಪೆಟ್ಟಿಗೆ ಅಂಗಡಿಯನ್ನು ಹಾಡಹಗಲೇ ಪುಡಿ ಮಾಡಿದರು. ಅಡ್ಡ ಹೋದ ಅವಳ ಕೈ ಮುರಿಯಿತು. ಫೋನು ಮಾಡಿದೆವು. ನಿಮ್ಮವರು ಬರುವ ಹೊತ್ತಿಗೆ ಕೈಗೆ ಬ್ಯಾಂಡೇಜು ಹಾಕಿ ಮುಗಿದಿತ್ತು. ಆಮೇಲೆ ಸರ್ಕಾರ ಎಚ್ಚೆತ್ತಿತು ನೋಡಿ! ಕಾಲೋನಿ ಬಾಯಲ್ಲಿ ಫ್ಲೆಕ್ಸು, ನಲ್ಲಿಯ ಹತ್ತಿರ ಕ್ಯಾಮೆರಾ. ಗ್ಯಾಂಗಿನವರು ನಲ್ಲಿಯ ಹತ್ತಿರ ಬರುವುದಿಲ್ಲ ಸಾಹೇಬರೇ, ಅವರು ನೀರು ಕುಡಿಯುವ ಜಾತಿಯಲ್ಲ. ಕೊಡಕ್ಕೆ ಜಗಳವಾಡುವ ಹೆಂಗಸರು ಮಾತ್ರ ಅದರಲ್ಲಿ ಚೆನ್ನಾಗಿ ಕಾಣುತ್ತಾರೆ.

ಕೊನೆಗೆ ಬಂತು ನಿಮ್ಮ 'ಶಸ್ತ್ರ ತ್ಯಾಗ ಅಭಿಯಾನ'. ಮನೆಯಲ್ಲಿರುವ ಆಯುಧಗಳನ್ನು ತಾವಾಗಿಯೇ ತಂದೊಪ್ಪಿಸಿ, ನಿಮಗೇನೂ ತೊಂದರೆಯಾಗುವುದಿಲ್ಲ ಎಂದು ಮೈಕಿನಲ್ಲಿ ಹೇಳಿದಿರಿ. ಇಲ್ಲಿ ತಪ್ಪು ಮಾಡಿದವನು ನಾನು. ನಿಮ್ಮ ಮಾತನ್ನು ನಂಬಿದೆ.

ನಾನು ನಲವತ್ತು ವರ್ಷ ಚೆಟ್ಟಳ್ಳಿ ಕಡೆಯ ಕಾಫಿ ತೋಟದಲ್ಲಿ ಮರಗಸಿ ಮಾಡಿದವನು. ಅಂದರೆ ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ. ಎಲೆಕ್ಷನ್ ಬಂದಾಗಲೆಲ್ಲ ನಮ್ಮ ತೋಟದ ಧಣಿಗಳು ಕೋವಿಗೆ ಹೆಸರಿನ ಚೀಟಿ ಕಟ್ಟಿಸಿ ಠಾಣೆಗೆ ಕೊಡುತ್ತಿದ್ದರು. ಎಲೆಕ್ಷನ್ ಮುಗಿದ ಮೇಲೆ ಅದೇ ಕೋವಿ, ಅದೇ ಚೀಟಿಯೊಂದಿಗೆ ಮನೆಗೆ ಬರುತ್ತಿತ್ತು. ಹೊತ್ತುಕೊಂಡು ಹೋಗಿ ಬಂದವನು ನಾನೇ. ಕೋವಿಗೆ ಇರುವ ಮರ್ಯಾದೆ ಕತ್ತಿಗೂ ಇರುತ್ತದೆ ಅಂದುಕೊಂಡೆ. ಎಂಥ ಮುಟ್ಠಾಳ!

ಮನೆಮನೆಗೆ ಹೋಗಿ ತೋಟದ ಕೆಲಸದ ಕತ್ತಿ ಕೇಳಿದೆ. ಶಶಿಕುಮಾರ ಮೊದಲು ಒಪ್ಪಲಿಲ್ಲ. "ತಾತ, ನಾಳೆ ಕೆಲಸದ ಜೀಪಲ್ಲಿ ಬರಿಗೈಲಿ ಹೋದ್ರೆ ತೋಟದ ರೈಟರು ಅಲ್ಲೇ ಇಳಿಸ್ತಾನೆ" ಅಂದ.

"ಮುಚ್ಚೋ ಬಾಯಿ. ನಿನ್ನ ಮೊಂಡು ಕತ್ತಿ ಇಟ್ಕೊಂಡು ಸರ್ಕಾರ ಏನು ಕಾಡು ಕಡಿಯುತ್ತಾ?" ಎಂದು ಗದರಿದೆ.

ರಾಮಮ್ಮ ಕೂಡ ಹೇಳಿದಳು: "ಅಣ್ಣಾ, ನನ್ನ ಅಂಗಡಿ ಒಡೆದಿದ್ದು ರಾಡಲ್ಲಿ ಕಣಣ್ಣ. ಕತ್ತಿ ಯಾಕೆ ಕೊಡ್ಬೇಕು?" ಅವಳಿಗೂ ಗದರಿದೆ.

ಮೂವತ್ತೆಂಟು ಕತ್ತಿ ಸೇರಿದವು. ಯಾರದು ಯಾರಿಗೋ ಹೋಗಬಾರದೆಂದು ಒಂದೊಂದಕ್ಕೂ ರಟ್ಟಿನ ಚೀಟಿ ಕಟ್ಟಿ, ನನ್ನ ಕೈಯಾರೆ ಹೆಸರು, ಮನೆ ನಂಬರು ಬರೆದೆ. ನನ್ನ ಕತ್ತಿಗೆ ಮಾತ್ರ ಕಟ್ಟಲಿಲ್ಲ. ಅದರ ಹಿಡಿ ನಾನೇ ಕೆತ್ತಿದ್ದು, ನೂರರಲ್ಲಿ ಗುರುತು ಸಿಗುತ್ತದೆ.

ಮರುದಿನ ಪೇಪರಿನಲ್ಲಿ ನಮ್ಮ ಕತ್ತಿಗಳ ಫೋಟೋ ಬಂತು. ಹಿಂದೆ ನೀವು ನಿಂತಿದ್ದಿರಿ. 'ಮಾರಕಾಸ್ತ್ರಗಳ ವಶ' ಎಂದು ಬರೆದಿತ್ತು. ನಿಮ್ಮ ಪಕ್ಕದಲ್ಲಿ ಬ್ಯಾನರು ಹಿಡಿದು ನಿಂತವನು ರಾಮಮ್ಮನ ಕೈ ಮುರಿದ ಗ್ಯಾಂಗಿನ ಯಜಮಾನ. ಅವನೀಗ ಶಾಂತಿ ಸಮಿತಿಯ ಸದಸ್ಯನಂತೆ. ಅವನ ರಾಡು ಫೋಟೋದಲ್ಲಿ ಇರಲಿಲ್ಲ. ಅದು ಡ್ಯೂಟಿಯಲ್ಲಿತ್ತೇನೋ.

ವಾರದೊಳಗೆ ಮೂವತ್ತೇಳು ಜನರಿಗೆ ನೋಟಿಸು ಬಂತು. ಭಾನುವಾರ ಭಾನುವಾರ ಠಾಣೆಗೆ ಬಂದು ಸಹಿ ಹಾಕಬೇಕು. ಪಟ್ಟಿ ಎಲ್ಲಿಂದ ಸಿಕ್ಕಿತೆಂದರೆ, ನನ್ನ ಚೀಟಿಗಳಿಂದ! ಮೊಣಕಾಲು ನೋವಿಗೆ ನಾಟಿ ಎಣ್ಣೆ ಹಚ್ಚಿಕೊಂಡು ಕೂರುವ ಕಾಳಮ್ಮನೂ ಈಗ ರೌಡಿ. ಗೋಡೆ ಹಿಡಿಯದೆ ಏಳಲಾರಳು, ದಯವಿಟ್ಟು ಹುಷಾರಾಗಿರಿ. ನಾನು ಠಾಣೆಗೆ ಹೋಗಿ ನನ್ನ ಹೆಸರೆಲ್ಲಿ ಎಂದು ಕೇಳಿದೆ. ಪೇದೆ ನನ್ನ ಕತ್ತಿ ತೋರಿಸಿ, "ಇದಕ್ಕೆ ಚೀಟಿ ಇಲ್ಲ ತಾತ, ವಾರಸುದಾರರಿಲ್ಲದ ಮಾಲು. ನೀವು ಮನೆಗೆ ಹೋಗಿ" ಅಂದ. ನನ್ನದೇ ಎಂದು ಬಡಿದುಕೊಂಡರೂ ಕೇಳಲಿಲ್ಲ.

ಶಶಿಕುಮಾರನಿಗೆ ಒಂದು ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಡ್ರೈವರ್ ಕೆಲಸ ಖಾಯಂ ಆಗುವುದಿತ್ತು. ಜೊತೆಗೆ ಇರಲು ತೋಟದೊಳಗೇ ಒಂದು ಲೈನ್ ಮನೆ. ಹೆಂಡತಿ, ಮಗಳನ್ನು ಈ ಗಲಾಟೆಯಿಂದ ಆಚೆ ಕರೆದುಕೊಂಡು ಹೋಗುವುದೊಂದೇ ಅವನ ಆಸೆ. ಪೊಲೀಸ್ ಸರ್ಟಿಫಿಕೇಟ್ ತಂದರೆ ಕೆಲಸ ಎಂದಿದ್ದಾರೆ. ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ರೌಡಿಗೆ ಸರ್ಟಿಫಿಕೇಟ್ ಕೊಡುವವರು ಯಾರು? ಹೆಂಡತಿ ಉಷಾರಾಣಿ ಮೊನ್ನೆ ನನ್ನ ಮುಖ ನೋಡಿ, "ತಾತ, ನೀವು ಆ ನಾಲ್ಕನೇ ಕ್ಲಾಸೂ ಓದ್ಬಾರ್ದಿತ್ತು" ಅಂದಳು. ಏಳು ದಶಕದಲ್ಲಿ ಯಾರ ಮಾತಿಗೂ ತಲೆ ತಗ್ಗಿಸದವನು ಅವತ್ತು ತಗ್ಗಿಸಿದೆ.

ಇದರ ನಡುವೆ ಆ ಶಾಂತಿ ಸಮಿತಿಯ ಸದಸ್ಯ ಶಶಿಕುಮಾರನ ಹೆಗಲ ಮೇಲೆ ಕೈ ಹಾಕಿ ಹೇಳಿದ್ದಾನೆ: "ಹೆಂಗೂ ರೌಡಿ ಆಗ್ಬಿಟ್ಟೆ ಬಿಡು ಮಗಾ. ನಮ್ ಜೊತೆ ಬಾ. ಸಹಿ ಗಿಹಿ ನಾನ್ ನೋಡ್ಕೋತೀನಿ." ಅವನು ಹೋಗಿಲ್ಲ. ಆದರೆ ಮೊದಲಿನ ಹಾಗೆ ಉಗಿದೂ ಬಂದಿಲ್ಲ. ಮೂರು ವರ್ಷ ಕಷ್ಟಪಟ್ಟರೂ ಗ್ಯಾಂಗಿಗೆ ನಮ್ಮ ಸಾಲಿನಿಂದ ಒಬ್ಬನೂ ಸಿಕ್ಕಿರಲಿಲ್ಲ ಸಾಹೇಬರೇ. ಸರ್ಕಾರದ ಖರ್ಚಿನಲ್ಲಿ ನೀವು ಮೂವತ್ತೇಳು ಜನರನ್ನು ಆರಿಸಿ ಕೊಟ್ಟಿದ್ದೀರಿ. ಇದಕ್ಕೆ ಪದಕವೇನಾದರೂ ಉಂಟೋ?

ಈ ಭಾನುವಾರ ಶಶಿಕುಮಾರನ ಜೊತೆ ನಾನೂ ಠಾಣೆಗೆ ಬರುತ್ತೇನೆ. ಒಂದೋ ಆ ಮೂವತ್ತೇಳು ಹೆಸರು ಹೊಡೆದುಹಾಕಿ, ಅವನ ಸರ್ಟಿಫಿಕೇಟ್ ಬರೆದುಕೊಡಿ. ಇಲ್ಲವೋ ಎಲ್ಲರಿಗಿಂತ ಮೇಲೆ ನನ್ನ ಹೆಸರು ಬರೆದುಕೊಳ್ಳಿ. ಎರಡೂ ಆಗದಿದ್ದರೆ ಬೆಂಚು ಬಿಟ್ಟು ಏಳುವುದಿಲ್ಲ. ನನಗೇನೂ ಅವಸರವಿಲ್ಲ. ಕೆಲಸಕ್ಕೆ ಹೋಗೋಣವೆಂದರೆ ಕತ್ತಿ ನಿಮ್ಮ ಹತ್ತಿರ ಇದೆ.

ಇಂತಿ,
ನಿಮ್ಮ ಕೈತಪ್ಪಿ ಹೊರಗುಳಿದ ಮೂವತ್ತೆಂಟನೆಯವನು,
ಸಿದ್ದರಾಜು
ಹೊಳೆಬದಿ ಕಾಲೋನಿ