ಕಲ್ಲಿನಲ್ಲಿ ನಾಲ್ಕನೆಯ ಹೆಸರು

ಕುಂದಾಪುರ
10 ಅಕ್ಟೋಬರ್ 2004, ಭಾನುವಾರ

ಪ್ರೀತಿಯ ಗೋವರ್ಧನಣ್ಣಾ,

ಒಂದೇ ಬೋಟಿನಲ್ಲಿ ನಾಲ್ಕು ಜನ ಹೋದರು. ಇಗರ್ಜಿಯ ಸಮಾಧಿ ಕಲ್ಲಿನಲ್ಲಿ ಮೂವರ ಹೆಸರಿದೆ. ಇಲ್ಲದಿರುವುದು ನಮ್ಮ ಅಪ್ಪಯ್ಯನದು. ಇದು ಅನ್ಯಾಯ.

ಕುಶಲ ಕೇಳುವ ಮೊದಲೇ ಜಗಳ ತೆಗೆದಳು ಎಂದು ಬೈಯಬೇಡ. ಎರಡು ತಿಂಗಳ ಹಿಂದೆ ನಿನಗೆ ಬರೆಯಲು ಕೂತಾಗ ಈ ನಾಲ್ಕು ವಾಕ್ಯದಿಂದ ಮುಂದೆ ಪೆನ್ನು ಓಡಲಿಲ್ಲ. ನಿನ್ನ ಜೂನ್ ತಿಂಗಳ ಕಾಗದಕ್ಕೆ ಈಗ ಉತ್ತರ ಬರೆಯುತ್ತಿರುವುದಕ್ಕೂ ಅವೇ ಕಾರಣ. ಕ್ಷಮಿಸು. ನಾನು ಗಟ್ಟಿಯಾಗಿದ್ದೇನೆ. ಅಮ್ಮ ನನಗಿಂತ ಗಟ್ಟಿಯಾಗಿದ್ದಾಳೆ. ರತ್ನಾಗಿರಿಯಲ್ಲಿ ನಿನ್ನ ಬಲೆ, ನಿನ್ನ ಹೊಟ್ಟೆ ಎರಡೂ ತುಂಬಿರಲಿ.

ನೀನು ಕಾಗದವನ್ನು ನಾನು ಕೆಲಸ ಮಾಡುವ ಗೇರುಬೀಜ ಕಾರ್ಖಾನೆಯ ವಿಳಾಸಕ್ಕೆ ಬರೆಯುತ್ತೀಯ, ಮನೆಗೆ ಬರೆಯುವುದಿಲ್ಲ. ಮನೆಗೆ ಬರದೆ ನಾಲ್ಕು ವರ್ಷವಾಯಿತು. ಯಾಕೆಂದು ನನಗೆ ಗೊತ್ತು. ಗೊತ್ತಿದ್ದೂ ಈ ಸಲ ಕೇಳುತ್ತಿದ್ದೇನೆ: ನೀನು ಬರಬೇಕು. ಯಾವತ್ತು, ಎಷ್ಟು ಹೊತ್ತಿಗೆ ಎನ್ನುವುದನ್ನು ಕೊನೆಗೆ ಬರೆಯುತ್ತೇನೆ. ಮೊದಲು ನಡೆದದ್ದು ಕೇಳು.

ಆಗಸ್ಟಿನಲ್ಲಿ ನನ್ನ ಜೊತೆ ಕಾರ್ಖಾನೆಯಲ್ಲಿ ಬೀಜ ಸುಲಿಯುವ ಐರಿನ್‌ಳ ಅಜ್ಜಿ ತೀರಿಕೊಂಡರು. ಮಣ್ಣಿಗೆಂದು, ಹೊಳೆ ಕಡಲಿಗೆ ಸೇರುವ ಅಳಿವೆ ಬಾಗಿಲಿನ ಇಗರ್ಜಿಗೆ ಹೋದೆ. ಅದರ ಹಿಂದಿನ ಸಮಾಧಿ ಅಂಗಳವನ್ನು ನೀನು ನೋಡಿದ್ದೀಯೋ ಇಲ್ಲವೋ. ಒಂದು ಮೂಲೆ ಪೂರ್ತಿ ಕಡಲಿಗೆ ಹೋದವರದು. ಹಂಚು ತುಂಬಿದ ಮಂಜಿ ಹಡಗು ನಡೆಸುತ್ತಾ ಗೋವೆಯ ದಾರಿಯಲ್ಲಿ ಮುಳುಗಿದವನ ಕಲ್ಲಿದೆ, ಅದರ ಮೇಲೆ ಲಂಗರು ಕೆತ್ತಿದ್ದಾರೆ. ಮುಂಬೈ ಹಡಗಿನಲ್ಲಿ ಅಡುಗೆಗೆಂದು ಹೋಗಿ ಯಾವುದೋ ದೂರದ ಬಂದರಿನಲ್ಲಿ ಸತ್ತವನ ಕಲ್ಲಿದೆ. ಕೆಲವು ಕಲ್ಲುಗಳ ಕೆಳಗೆ ಯಾರೂ ಇಲ್ಲವಂತೆ, ಬರೀ ಮಣ್ಣಂತೆ. ದೇಹ ಸಿಗಲಿಲ್ಲ, ಹೆಸರನ್ನಾದರೂ ತಂದು ಮಲಗಿಸಿದ್ದಾರೆ.

ಅಣ್ಣಾ, ನನಗೆ ಅಲ್ಲಿ ರೋಮ ನಿಮಿರಿತು. ಸೇತುವೆಯ ಮೇಲೆ ಉದ್ಘಾಟನೆ ಮಾಡಿದವರ ಹೆಸರಿದೆ, ಬಸ್ ನಿಲ್ದಾಣದ ಮೇಲೆ ದಾನ ಕೊಟ್ಟವರ ಹೆಸರಿದೆ. ಬಲೆ ಎಳೆದವನ ಹೆಸರನ್ನು, ಹಾಯಿ ಕಟ್ಟಿದವನ ಹೆಸರನ್ನು ನಾನು ಕಲ್ಲಿನಲ್ಲಿ ಓದಿದ್ದು ಹುಟ್ಟಿದ ಮೇಲೆ ಅದೇ ಮೊದಲು. ನಾವು ಸುಡುವ ಜನ, ನಮ್ಮಲ್ಲಿ ಕಲ್ಲು ನಿಲ್ಲಿಸುವ ಪದ್ಧತಿಯಿಲ್ಲ. ಕಡಲು ನುಂಗಿದವನಿಗಂತೂ ಬೂದಿಯೂ ಇಲ್ಲ. ದುಡಿದು ಸತ್ತವನಿಗೆ ಗೌರವ ಕೊಟ್ಟ ಅಂಗಳ ಇದೊಂದೇ ಎಂದುಕೊಂಡು ಒಂದೊಂದೇ ಕಲ್ಲು ಓದುತ್ತಾ ಹೋದೆ. ಆಗ ಸಿಕ್ಕಿತು ಅಪ್ಪಯ್ಯ ಹೋದ ಬೋಟಿನ ಕಲ್ಲು.

ಮೂರು ಹೆಸರು, ಒಂದೊಂದರ ಎದುರೂ ‘ಮರಣ 1989’ ಎಂದಿದೆ. ಬೋಟಿನ ಯಜಮಾನ ಇನಾಸ್, ಅವರ ಇಬ್ಬರು ತಮ್ಮಂದಿರು ಪೆದ್ರು ಮತ್ತು ಜುವಾಂವ್. ಅಷ್ಟೇ. ಆ ಬೋಟು ನಡೆಸುತ್ತಿದ್ದ ತಾಂಡೇಲ ಯಾರು? ನಮ್ಮ ಅಪ್ಪಯ್ಯ. ಮೂವರ ಹೆಸರಿನ ಕೆಳಗೆ ಒಂದು ಗೇಣು ಜಾಗ ನುಣ್ಣಗೆ, ಖಾಲಿ. ಆ ಖಾಲಿ ಜಾಗ ನನ್ನ ಮುಖಕ್ಕೆ ಹೊಡೆದಂತಾಯಿತು. ಜಾಗ ಇಲ್ಲದೆ ಬಿಟ್ಟದ್ದಲ್ಲ, ಜಾಗ ಇದ್ದೂ ಬಿಟ್ಟದ್ದು!

ನಿನಗೆ ನನ್ನ ಬುದ್ಧಿ ಗೊತ್ತು. ಕಾರ್ಮಿಕ ಸಂಘದ ಕಚೇರಿಯಿಂದ ತಂದು ಓದಿದ ಕರಪತ್ರಗಳಿಂದಲೇ ನನಗೆ ಕಣ್ಣು ಬಂದದ್ದು, ಅದನ್ನು ಹೇಳಲು ನಾಚಿಕೆಯಿಲ್ಲ. ಈ ಸಲ ನಾನೇ ಬರೆದೆ. ‘ಕಡಲಿಗೆ ಜಾತಿಯಿಲ್ಲ, ಕಲ್ಲಿಗೆ ಯಾಕೆ? ನಾಲ್ವರು ಒಟ್ಟಿಗೆ ದುಡಿದರು, ಒಟ್ಟಿಗೆ ಹೋದರು. ತಾಂಡೇಲ ಕುಷ್ಟನ ಹೆಸರನ್ನು ಅಳಿಸಿದವರು ಉತ್ತರ ಕೊಡಲಿ.’ ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ, ಅಡಗಿಕೊಂಡು ಬರೆಯುವವಳು ನಾನಲ್ಲ. ಮೀನು ಮಾರುಕಟ್ಟೆಯ ಗೋಡೆ, ಐಸ್ ಪ್ಲಾಂಟಿನ ಗೋಡೆ, ಕೊನೆಗೆ ಇಗರ್ಜಿಯ ಕಂಪೌಂಡಿಗೂ ಮೈದಾ ಗಂಜಿ ಹಚ್ಚಿ ಅಂಟಿಸಿದೆ.

ಮರುದಿನವೇ ಪಾದ್ರಿಗಳಿಂದ ಕರೆ ಬಂತು. ಯುದ್ಧಕ್ಕೆ ಹೋದಂತೆ ಹೋದೆ. ಕನ್ನಡಕ ಹಾಕಿದ ಮಂಗಳೂರು ಕಡೆಯವರು, ಬಂದು ಒಂದು ವರ್ಷವಷ್ಟೇ ಆಯಿತಂತೆ.

“ನೀನೇನಾ ಚೇತನಾ? ಅಂಟು ಎಂತದ್ದಮ್ಮ ಅದು? ಚೀಟಿ ತೆಗೀಲಿಕ್ಕೆ ಹೋದ್ರೆ ಗೋಡೆಯ ಬಣ್ಣವೂ ಒಟ್ಟಿಗೇ ಬಂತು.”

“ಚೀಟಿ ತೆಗೆಯುವ ಬದಲು ಹೆಸರು ಹಾಕಬಹುದಿತ್ತು ಫಾದರ್,” ಎಂದೆ.

ಅವರಿಗೆ ಸಿಟ್ಟು ಬರಲಿ ಎಂದೇ ಹೇಳಿದ್ದು. ಅವರು ನಕ್ಕುಬಿಟ್ಟರು. “ಹಾಕುವ. ಆದ್ರೆ ಹದಿನೈದು ವರ್ಷದ ಹಿಂದಿನ ಕತೆ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿದ್ದವರ ಹತ್ರ ಹೋಗುವ, ಬಾ,” ಎಂದು ಕೊಡೆ ಹಿಡಿದು ಹೊರಟೇಬಿಟ್ಟರು. ಹೋದದ್ದು ಇನಾಸರ ಹೆಂಡತಿ ಕಾರ್ಮಿನ್ ಬಾಯಿಯ ಮನೆಗೆ.

ಬಾಯಿಗೆ ಈಗ ಮಂಡಿನೋವು, ಮಾತಿಗೆ ಮಾತ್ರ ಯಾವ ನೋವೂ ಇಲ್ಲ. ಜಗಲಿಯಿಂದಲೇ ಕೂಗಿದರು. “ಹ್ವಾಯ್ ಫಾದರ್, ಬನ್ನಿ, ಕೂಕಣಿ. ನೀನೂ ಕೂಕೊ ಹೆಣ್ಣೆ. ಗ್ವಾಡಿ ಮೇಲೆ ನಂಗ್ ಬೈದದ್ ಸಾಕಾಯ್ಲಿಲ್ಯಾ, ಮನಿಗೂ ಬಂದ್ಯಾ?”

“ನಿಮಗೆ ಬೈದದ್ದಲ್ಲ ಬಾಯಿ, ವ್ಯವಸ್ಥೆಗೆ,” ಎಂದೆ.

“ಆ ಕಲ್ಲ್ ನಿಲ್ಸಿದ್ ನಾನ್ ಮಾರಾಯ್ತಿ. ನಿನ್ ವ್ಯವಸ್ಥೆ ಬಂದ್ ನಿಲ್ಸಿದ್ದಲ್ಲ.”

ಪಾದ್ರಿಗಳು ಕೊಡೆ ಮಡಚುವ ನೆವದಲ್ಲಿ ಮುಖ ತಿರುಗಿಸಿದರು. ನಾನು ಬಿಡಲಿಲ್ಲ. ಹಾಗಿದ್ದರೆ ನಮ್ಮ ಅಪ್ಪಯ್ಯನ ಹೆಸರು ಯಾಕೆ ಬಿಟ್ಟಿರಿ ಎಂದು ನೇರ ಕೇಳಿದೆ. ಬಾಯಿಯ ದನಿ ಸಣ್ಣದಾಯಿತು.

“ನಾನ್ ಬಿಟ್ಟದ್ದಲ್ಲ. ಬಿಡ್ಸಿದ್ ನಿನ್ ಅಬ್ಬಿ, ನಿನ್ ಹೆತ್ತವ್ಳ್. ಕಲ್ಲ್ ನಿಲ್ಸೂಕ್ ಮುಂಚೆ ನಾನೇ ನಿಮ್ಮನಿಗ್ ಬಂದಿದ್ದೆ. ನಾಲ್ಕೂ ಹೆಸ್ರ್ ಒಟ್ಟಿಗೇ ಹಾಕ್ವ ಜಲಜ, ಅಂದೆ. ಅವ್ಳ್ ಎಂತ ಅಂದ್ಳ್ ಗೊತ್ತಿತಾ? ‘ನಿಮ್ಗ್ ಹೆಣ ಸಿಕ್ತ್ ಬಾಯಿ, ಹುಗ್ದ್ರಿ. ನಂಗ್ ಸಿಕ್ಕಿತಾ? ಹೆಣ ಇಲ್ದೆ ಹೆಸ್ರ್ ಕೆತ್ರೆ ನಾನೇ ಅವ್ರನ್ನ ಕೊಂದಂಗೆ’ ಅಂದ್ಳ್. ಮತ್ತೆ ನಾನ್ ಕೇಣ್ಲಿಲ್ಲ. ಕೆತ್ತುವವನತ್ರ ಜಾಗ ಬಿಡ್ ಅಂದೆ. ನಿನ್ ಅಪ್ಪಯ್ಯನ ಜಾಗಕ್ ಬೇರೆ ಯಾರೂ ಬಪ್ಪುದ್ ಬ್ಯಾಡ ಅಂತ.”

ಹೌದಲ್ಲ ಅಣ್ಣಾ. ಇನಾಸರು, ತಮ್ಮಂದಿರು, ಮೂವರೂ ಕಿರಿಮಂಜೇಶ್ವರದ ಮರಳಿಗೆ ಬಂದು ಬಿದ್ದರು. ಅಪ್ಪಯ್ಯ ಬರಲಿಲ್ಲ. ಆಗ ನನಗೆ ಆರು ವರ್ಷ, ನಿನಗೆ ಹದಿನಾಲ್ಕು. ನನಗೆ ನೆನಪಿರುವುದಕ್ಕಿಂತ ನಿನಗೆ ಹೆಚ್ಚು ನೆನಪಿರಬೇಕು.

ಆ ದಿನವೇ ಹೋಗಿ ನನ್ನ ಚೀಟಿಗಳನ್ನು ನಾನೇ ಕೆರೆದು ತೆಗೆದೆ. ಇಗರ್ಜಿ ಕಂಪೌಂಡಿನದನ್ನು ಹಾಡಹಗಲಲ್ಲಿ, ನಾಲ್ಕು ಜನ ನೋಡುವಾಗಲೇ ತೆಗೆದೆ. ಅಂಟಿಸುವುದಕ್ಕೆ ಇದ್ದ ಧೈರ್ಯ ತೆಗೆಯುವುದಕ್ಕೂ ಇರಬೇಕು. ಮೀನು ಮಾರುಕಟ್ಟೆಯದು ಮಾತ್ರ ಉಳಿದಿತ್ತು. ಅದನ್ನು ತೆಗೆಯುವ ಮೊದಲು ಅಮ್ಮನ ಹತ್ತಿರ ಮಾತಾಡಬೇಕೆಂದು ಮನೆಗೆ ಬಂದರೆ, ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ಹಾಲಾಡಿ ಪೇಟೆಯಲ್ಲಿ ಮೀನು ಮಾರಿ ಬಂದವಳು, ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಕಾಯುತ್ತಾ ಕೂತಿದ್ದಳು.

“ಆ ಗ್ವಾಡಿ ಚೀಟಿ ನಿಂದಾ?”

“ಹೌದು. ಹೆಸರು ಬೇಡ ಎಂದದ್ದು ನೀನಾ?”

“ಹೌದ್.”

“ಅಮ್ಮ, ಹದಿನೈದು ವರ್ಷ ಆಯಿತು. ಇದು ಮೂಢನಂಬಿಕೆ.”

“ಆಯ್ಲಿ. ಅಷ್ಟೆಲ್ಲ ಓದ್ತ್ಯಲ್ಲ, ಅದ್ರಂಗೆ ನಿನ್ ಅಪ್ಪಯ್ಯ ಎಲ್ಲಿದ್ರ್ ಅಂತ ಬರ್ದಿತಾ? ಓದಿ ಹೇಳ್ ಕಾಂಬ.”

ಯಾರಾದರೂ ‘ಗಂಡ ಎಲ್ಲಿ’ ಎಂದು ಕೇಳಿದರೆ ಅವಳು ಇವತ್ತಿಗೂ ‘ಬೋಟಿಗ್ ಹೋಯಿರ್’ ಎನ್ನುತ್ತಾಳೆ. ಕರಿಮಣಿ ತೆಗೆದಿಲ್ಲ. ಒಂದು ವಾರ ನಾವಿಬ್ಬರೂ ಮಾತಾಡಲಿಲ್ಲ. ಒಂದೇ ಒಲೆಯ ಗಂಜಿ ಉಂಡು, ಗೋಡೆ ನೋಡಿಕೊಂಡು ಮಲಗಿದೆವು. ಹೆಸರಿನ ವಿಷಯ ಮುಗಿಯಿತು, ಅವಳ ಗಂಡ, ಅವಳ ಹಕ್ಕು, ನನ್ನದೇನೂ ನಡೆಯದು ಎಂದು ನಾನು ಕೈಬಿಟ್ಟಿದ್ದೆ.

ಎಂಟನೆಯ ದಿನ ಬೆಳಿಗ್ಗೆ, ಬುಟ್ಟಿ ತಲೆಗೆ ಏರಿಸುವ ಮೊದಲು ಅವಳಾಗಿಯೇ ಶುರುಮಾಡಿದಳು.

“ಗ್ವಾಡಿ ಮೇಲಿನ ಚೀಟಿನ ನಮ್ಮೊಟ್ಟಿಗೆ ಮೀನ್ ಮಾರು ಉಮಾವತಿ ಓದ್ಳ್. ಮಾರ್ಕೆಟಿನ ಹೆಂಗ್ಸ್ರೆಲ್ಲ ಕೇಂಡ್ರ್. ಅವ್ಳ್ ದೊಡ್ಡಕೆ ಅವ್ರ್ ಹೆಸ್ರ್ ಹೇಳುವತಿಗೆ ನಂಗ್ ಕೈಲಿದ್ದ ತಕ್ಕಡಿ ಗೊತ್ತಾಯ್ಲಿಲ್ಲ ಕಾಣ್. ನಾನಂತೂ ಆ ಹೆಸ್ರ್ ಹೇಳೂಕಾಗ. ನೀವ್ ಅಪ್ಪಯ್ಯ ಅಂತ್ರಿ. ಅವ್ರ್ ಅಬ್ಬಿ ಒಬ್ಳ್ ಕರೀತಿದ್ದಿದ್, ಅವ್ಳೂ ಹೋಯ್ಳ್. ಆ ಹೆಸ್ರ್ ಕೆಮಿಗ್ ಬೀಳ್ದೆ ಎಷ್ಟ್ ಕಾಲ ಆಯ್ತ್! ಹಿಂಗೇ ಆರೆ ಆ ಹೆಸ್ರೇ ಇಲ್ದಂಗ್ ಆತ್.”

ಅವಳು ತಲೆಗಿಡುವ ಸಿಂಬಿ ಸುತ್ತಿದಳು.

“ಕಲ್ಲಾರೂ ಹೇಳ್ಲಿ,” ಎಂದಳು. “ಆದ್ರೆ ನಾನ್ ಹೇಳ್ದಂಗ್ ಕೆತ್ಕ್.”

ಗಂಡನ ಹೆಸರು ಬಾಯಲ್ಲಿ ಬರಬಾರದು ಎನ್ನುವ ಕಟ್ಟಳೆಯನ್ನು ನಾನು ಎಷ್ಟು ಸಲ ಜರಿದಿಲ್ಲ! ಅದರಿಂದಾಗಿ ನಮ್ಮ ಮನೆಯಲ್ಲಿ ಒಂದು ಹೆಸರು ನಿಧಾನಕ್ಕೆ ಸಾಯುತ್ತಿತ್ತು ಎನ್ನುವುದು ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಅವಳಿಗೆ.

ಅಂದೇ ಇಗರ್ಜಿಗೆ ಹೋದೆವು. ಅಮ್ಮ ಬುಟ್ಟಿ ಸಮೇತ. ಅಂಗಳದ ಬಾಗಿಲಲ್ಲಿ ಬುಟ್ಟಿ ಇಳಿಸಿ, ಸೆರಗು ಹೊದ್ದು, ನೇರ ಆ ಕಲ್ಲಿನ ಮುಂದೆ ಹೋಗಿ ನಿಂತಳು. ನಾನು ಕಲ್ಲನ್ನು ಓದಿ ಹೇಳಿದೆ, ಅವಳು ಇನಾಸರ ಹೆಸರಿನ ಮೇಲೆ ಬೆರಳಾಡಿಸಿದಳು. ಹೇಳಿ ಕಳಿಸಿದ್ದಕ್ಕೆ ಕಾರ್ಮಿನ್ ಬಾಯಿ ಮಂಡಿ ಹಿಡಿದುಕೊಂಡು ಬಂದಿದ್ದರು. ಬಾಯಿ ಅಮ್ಮನ ಭುಜಕ್ಕೆ ಕೈಯೂರಿ ನಿಂತರು, ಅಮ್ಮ ಆ ಭಾರ ಹೊತ್ತು ನಿಂತಳು.

ಪಾದ್ರಿಗಳು ಕೇಳಿದರು, “ಹೇಗೆ ಬರೀಬೇಕಮ್ಮ?”

“ಮೊದಲ್ ತಾಂಡೇಲ ಅಂತ ಬರೀಕ್,” ಎಂದಳು ಅಮ್ಮ. “ಆ ಬೋಟ್ ಅವ್ರ್ ಹೇಳ್ದಂಗ್ ಕೇಂತಿತ್ತ್. ಇನಾಸರೂ ಕೇಂತಿದ್ರ್.”

“ಹೌದೌದ್, ನನ್ ಮಾತ್ ಒಂದ್ ಬಿಟ್ಟ್ ಎಲ್ಲಾರ್ ಮಾತೂ ಕೇಂತಿದ್ರ್,” ಎಂದರು ಬಾಯಿ.

“ಮತ್ತೆ ಮರಣ ಅಂತ ಬರಿಯೂಕಾಗ. ಇವ್ರಿಗೆಲ್ಲ ಬರ್ದಿರಿ, ಸಮ, ನೀವ್ ಕಂಡಿರಿ. ನಾನ್ ಕಾಣ್ಲಿಲ್ಲ. ಕಡಲಿಗ್ ಹೋದ ದಿನ ನಂಗ್ ಗೊತ್ತಿತ್ತ್. ಅಷ್ಟೇ ಬರೀಕ್.”

ಪಾದ್ರಿಗಳು ಬಗ್ಗಿ ಆ ಖಾಲಿ ಜಾಗ ನೋಡಿದರು. ಸಮಾಧಿಯ ಅಂಗಳದಲ್ಲಿ ಮರಣವಿಲ್ಲದ ಕಲ್ಲು ಹೇಗೆ ಎಂದು ಯೋಚಿಸಿದರೋ ಏನೋ. ಆಮೇಲೆ, “ಅಮ್ಮ ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಹಾಗೇ ಆಗಲಿ. ಹೆಸರು ಹೇಳಿ,” ಎಂದರು.

ಅಮ್ಮ ನನ್ನ ಕಡೆ ತಿರುಗಿದಳು. ಅಣ್ಣಾ, ಸಂಘದ ಮೆರವಣಿಗೆಯಲ್ಲಿ ಎಷ್ಟೋ ಘೋಷಣೆ ಕೂಗಿದ್ದೇನೆ. ಅಷ್ಟು ದೊಡ್ಡ ದನಿ ನನ್ನಲ್ಲಿ ಯಾವತ್ತೂ ಬಂದಿರಲಿಲ್ಲ. “ಕುಷ್ಟ,” ಎಂದೆ. ಹೊಳೆಯಲ್ಲಿ ಬಲೆ ಬೀಸುತ್ತಿದ್ದವರು ತಿರುಗಿ ನೋಡಿದರು. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು, “ತಡ ಆಯ್ತ್, ಬಂಗಡಿ ಹಾಳಾತ್,” ಎಂದು ಬಸ್ಸಿಗೆ ಓಡಿದಳು.

ಕೆತ್ತನೆ ಮೊನ್ನೆ ಮುಗಿಯಿತು. ‘ತಾಂಡೇಲ ಕುಷ್ಟ. ಕಡಲಿಗೆ ಹೋದದ್ದು 1989.’ ಮೂವರ ಕೆಳಗೆ, ಅವರಷ್ಟೇ ದಪ್ಪ ಅಕ್ಷರದಲ್ಲಿ. ಯಾರ ದಾನವೂ ಅಲ್ಲ, ಯಾರ ಕೃಪೆಯೂ ಅಲ್ಲ. ನಾನು ಹತ್ತು ಕರಪತ್ರ ಬರೆದರೂ ಅಷ್ಟು ನಿಖರವಾಗಿ ಬರೆಯಲಾರೆ. ಬರೆಸಿದವಳಿಗೆ ಅಕ್ಷರ ಬರುವುದಿಲ್ಲ. ನಾನು ಅವಳ ಮಗಳು ಎಂದು ಎದೆಯುಬ್ಬಿಸಿ ಪೇಟೆಯಲ್ಲಿ ನಡೆಯುತ್ತಿದ್ದೇನೆ.

ನವೆಂಬರ್ ಎರಡಕ್ಕೆ ಅವರಲ್ಲಿ ಸತ್ತವರ ದಿನ. ಎಲ್ಲ ಕಲ್ಲುಗಳಿಗೂ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ನಮ್ಮ ಹೆಸರಿಗೂ ಅಂದೇ ಹೂವು. ಅಮ್ಮನಿಗೆ ಆ ದಿನ ಆಗಬಹುದೇ ಎಂದು ನಾನು ಹೆದರಿ ಕೇಳಿದೆ. “ಅವ್ರಿಗ್ ಸತ್ತವ್ರ ದಿನ ಆಯ್ಲಿ. ನಂಗ್ ಅದ್ ಮಂಗಳವಾರ,” ಎಂದಳು.

ನಿನ್ನ ಯಜಮಾನರ ಹತ್ತಿರ ಎರಡು ದಿನ ರಜೆ ಕೇಳು. ಕೇಳು ಎಂದೆ, ಬೇಡು ಎನ್ನಲಿಲ್ಲ. ರಜೆ ದುಡಿಯುವವನ ಹಕ್ಕು. ಅಮ್ಮ ನಿನಗೆ ಆಶೀರ್ವಾದ ಬರೆ ಎಂದು ಹೇಳಿಲ್ಲ. ನಾನು ಬರೆಯುವುದನ್ನು ನೋಡಿಯೂ ಬೇಡ ಎನ್ನಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಹೋದ ಕಡಲೆಲ್ಲ ನಿನ್ನನ್ನು ಹುಷಾರಾಗಿ ದಡಕ್ಕೆ ಕಳಿಸಲಿ.

ನಿನ್ನ ತಂಗಿ,
ಚೇತನಾ

ತಾ. ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಸಂಜೆ ಅಮ್ಮ ಬಂಗಡೆ ಕೊಯ್ಯುತ್ತಿದ್ದಳು. ನಾಲ್ಕು ವರ್ಷದ ಹಿಂದೆ, ನೀನು ಹೇಳದೆ ಕೇಳದೆ ಗೋಕರ್ಣಕ್ಕೆ ಹೋಗಿ ಅಪ್ಪಯ್ಯನ ಪಿಂಡ ಇಟ್ಟು, ಬೋಳು ತಲೆಯಲ್ಲಿ ಬಾಗಿಲಿಗೆ ಬಂದಾಗ, ‘ನನ್ ಗಂಡನ್ನ ಕೊಂದ್ ಬಂದ್ಯಾ’ ಎಂದು ಒಳಗಿನಿಂದ ಅಗಳಿ ಹಾಕಿದವಳು ಅವಳೇ. ಅಲ್ಲಿಂದ ಈಚೆಗೆ ನಿನ್ನ ಮಾತು ಎತ್ತಿರಲಿಲ್ಲ. ನಿನ್ನೆ ತಲೆ ಎತ್ತದೆ ಕೇಳಿದಳು: “ಅವ ಪಿಂಡ ಇಟ್ಟಾಗ ಕಾಕಿ ಬಂದ್ ಮುಟ್ಟಿತ್ತಾ?”

ನನಗೆ ಗೊತ್ತಿಲ್ಲ ಎಂದೆ. “ಗೊತ್ತಿದ್ರೂ ನೀನ್ ಹೇಳ್ಬ್ಯಾಡ. ಅವ್ನೇ ಹೇಳ್ಲಿ,” ಎಂದಳು. ಕೊಯ್ದ ಮೀನನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಅಣ್ಣಾ, ಕಾಗೆ ಮುಟ್ಟಿದ್ದರೂ ಮುಟ್ಟದಿದ್ದರೂ ಅದನ್ನು ಕಾಗದದಲ್ಲಿ ಬರೆಯಬೇಡ. ಅವಳ ಪಕ್ಕದಲ್ಲಿ ನಿಂತು ಹೇಳು. ನವೆಂಬರ್ ಎರಡು, ಮಂಗಳವಾರ, ಸಂಜೆ ನಾಲ್ಕು ಗಂಟೆ, ಇಗರ್ಜಿಯ ಹೊಳೆಬದಿ ಗೇಟಿನಲ್ಲಿ.