ಹಂಗಾಮಿ ಕೋಚ್ ಅತ್ತ ಮೇಲೆ

ರಾಯಚೂರು, ಶುಕ್ರವಾರ

ನಮ್ಮ ಫುಟ್‌ಬಾಲ್ ತಂಡದ ಹಂಗಾಮಿ ಕೋಚ್ ಮುಕರ್ರಂ ಅವರಿಗೆ ನಮಸ್ಕಾರ.

‘ಐ ಬೆಗ್ ಟು ಸ್ಟೇಟ್’ ಎಂದು ಈ ಪತ್ರವನ್ನು ಇಂಗ್ಲಿಷಿನಲ್ಲಿ ಶುರುಮಾಡಿದ್ದೆ, ಮುಂದಿನದು ನೆನಪಾಗಲಿಲ್ಲ. ಕಾಲೇಜು ಬಿಟ್ಟು ಬಹಳ ವರ್ಷವಾಯಿತು, ಇರಲಿ. ಮಾನ್ವಿ ತಂಡದೆದುರು ಸೋತ ಮೇಲೆ ನೀವು ಮೈಕಿನ ಮುಂದೆ, “ಈ ಜಾಗಾ ನಮ್ಮ ಉಸ್ತಾದರದ್ರೀ, ಅವರು ತೀರಿಹೋದ್ರಂತ ನಾ ನಿಂತೀನಿ” ಎಂದು ಅತ್ತಿದ್ದನ್ನು ಚಹಾದಂಗಡಿಯಲ್ಲಿ ಎಲ್ಲರೂ ಫೋನಿನಲ್ಲಿ ನೋಡಿದೆವು.

“ಕೋಚ್ ಆಗ್ಯಾನೋ, ಗಂಡನ ಮನಿಗಿ ಹೊಂಟ ಮದುಮಗಳಾಗ್ಯಾನೋ?” ಎಂದ ವಿಶ್ವೇಶ. ಎಲ್ಲರೂ ನಕ್ಕರು, ನಾನೂ ನಕ್ಕೆ.

“ಉಸ್ತಾದ್ ಸತ್ತು ತಿಂಗಳಾಗಿಲ್ಲ, ಬಾಯಿ ಮುಚ್ಚಲೇ” ಎಂದು ಅಂಗಡಿಯ ಜಿಲಾನಿ ಗದರಿದ. ಅಂದಿನಿಂದ ಅಲ್ಲಿ ದಿನಾ ಉಸ್ತಾದರದೇ ಮಾತು. ನಿನ್ನೆ ವಿಶ್ವೇಶನೇ ಅವರ ಬೈಗುಳ ನೆನೆದು ಕಣ್ಣೊರೆಸಿಕೊಂಡ.

ಅವಮಾನವಾಯಿತೆಂದು ನೀವು ತಂಡ ಬಿಡುತ್ತೀರಂತೆ. ಬಿಡಬೇಡಿ. ನನ್ನ ಹೆಂಡತಿ ಜಾನಕಿ ತೀರಿಹೋದಾಗ ನಾನು ಅಳಲಿಲ್ಲ. ಬಂದವರೆಲ್ಲ ‘ಸ್ಟ್ರಾಂಗ್ ಮ್ಯಾನ್’ ಎಂದು ಹೊಗಳಿದರು. ಆಮೇಲೆ ಯಾರೂ ನನ್ನೆದುರು ಅವಳ ಮಾತು ತೆಗೆಯಲಿಲ್ಲ.

ಭಾನುವಾರ ದೇವದುರ್ಗದವರ ಜೊತೆ ಆಟವಿದೆ. ನೀವೇ ನಿಂತು ಆಡಿಸಬೇಕು. ಮೊಣಕಾಲು ನೋವಿದ್ದರೂ ಬರುತ್ತೇನೆ. ಪುರುಸೊತ್ತಿದ್ದರೆ ಆಟ ಮುಗಿದ ಮೇಲೆ ಕಟ್ಟೆಯ ಮೇಲೆ ನನ್ನ ಜೊತೆ ಸ್ವಲ್ಪ ಹೊತ್ತು ಕೂಡಿರಿ. ಜಾನಕಿಯ ವಿಷಯ ಒಂದಿಷ್ಟು ಹೇಳುವುದಿದೆ.

ನಿಮ್ಮ ತಂಡದ ಹಳೆಯ ಪ್ರೇಕ್ಷಕ,
ವಿಬುಧೇಂದ್ರಾಚಾರ್